ಹಿಮದ ಮೇಲೆ ಹಿಂದಿನಿಂದ ತಳ್ಳುವ ಕಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಚಳಿಗಾಲದ ಮೊದಲ ಹಿಮ ಬಿದ್ದ ದಿನವೇ ಹಿಂಬದಿ ಚಕ್ರಗಳಿಂದ ಓಡುವ ಕಾರಿಗೆ ಹೊದಿಕೆ ಹಾಕಿ ನಿಲ್ಲಿಸಿಬಿಡುವವರು ಬಹಳ ಮಂದಿ. "ಆ ಕಾರು ಹಿಮಕ್ಕೆ ಆಗಿಬರುವುದಿಲ್ಲ" ಎಂಬ ಮಾತನ್ನು ನಾನೂ ಕೇಳಿಕೊಂಡೇ ಬಂದಿದ್ದೇನೆ. ಒಂಬತ್ತು ಚಳಿಗಾಲ ಅಂಥದೇ ಕಾರನ್ನು ಓಡಿಸಿದ ಮೇಲೆ ಆ ಮಾತನ್ನು ಒಪ್ಪಲು ನನ್ನಿಂದ ಆಗದು. ಕಾರು ಹಿಮದಲ್ಲಿ ಚೆನ್ನಾಗಿಯೇ ಓಡುತ್ತದೆ. ನಮ್ಮ ಕೈಕಾಲುಗಳ ಅವಸರವನ್ನು ಮಾತ್ರ ಅದು ಸಹಿಸುವುದಿಲ್ಲ.

ಮೊದಲು ಅದರ ಸ್ವಭಾವ ತಿಳಿಯೋಣ. ಮುಂಬದಿ ಚಕ್ರಗಳಿಂದ ಓಡುವ ಕಾರಿನಲ್ಲಿ ಎಂಜಿನ್, ಗೇರ್ ಪೆಟ್ಟಿಗೆ ಎರಡೂ ಆ ಚಕ್ರಗಳ ಮೇಲೆಯೇ ಕೂತಿರುತ್ತವೆ. ಒಟ್ಟು ತೂಕದಲ್ಲಿ ಸುಮಾರು ಶೇಕಡಾ 60ರಷ್ಟು ಅಲ್ಲಿಯೇ ಬೀಳುತ್ತದೆ. ಆ ಭಾರವೇ ಟೈರನ್ನು ಹಿಮಕ್ಕೆ ಒತ್ತಿ ಹಿಡಿತ ಕೊಡುವುದು. ನಮ್ಮ ಕಾರಿನಲ್ಲಿ ಎಂಜಿನ್ ಮುಂದಿದ್ದರೂ ಬಲ ಉದ್ದನೆಯ ದಂಡದ ಮೂಲಕ ಹಿಂದಿನ ಅಚ್ಚಿಗೆ ಹೋಗುತ್ತದೆ. ಅಲ್ಲಿನ ಚಕ್ರಗಳ ಮೇಲೆ ಇರುವುದು ಹೆಚ್ಚೆಂದರೆ ಅರ್ಧ ತೂಕ. ಒಣ ರಸ್ತೆಯಲ್ಲಿ ಜೋರಾಗಿ ಹೊರಟಾಗ ಭಾರ ಹಿಂದಕ್ಕೆ ವಾಲಿ ಆ ಕೊರತೆ ತುಂಬಿಹೋಗುತ್ತದೆ. ಹಿಮದ ಮೇಲೆ ಜೋರಾಗಿ ಹೊರಡುವುದೇ ಸಾಧ್ಯವಿಲ್ಲ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕೂಡ ಹಿಂಬದಿ ಚಕ್ರಗಳಿಂದ ಓಡುವ ಕಾರೇ. ಅದರ ಎಂಜಿನ್ ಹಿಂದೆಯೇ ಇದ್ದುದರಿಂದ ಹಿಮದ ದಿಣ್ಣೆಗಳನ್ನು ಅದು ಸಲೀಸಾಗಿ ಏರುತ್ತಿತ್ತು.

ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿಕೊಳ್ಳುವ ಹಳೆಯ ರೂಢಿಗೆ ಕಾರಣವೂ ಇದೇ. ಐವತ್ತು ಕಿಲೋ ಮರಳು ನಿಜಕ್ಕೂ ನೆರವಾಗುತ್ತದೆ, ಆದರೆ ಇಡುವ ಜಾಗ ಸರಿಯಾಗಿರಬೇಕು. ಹಿಂದಿನ ಅಚ್ಚಿನ ನೇರ ಮೇಲೆ, ಅಲುಗದಂತೆ ಕಟ್ಟಿ ಇಡಿ. ಡಿಕ್ಕಿಯ ತುದಿಗೆ ತಳ್ಳಿದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಕಾರು ಜಾರಿದಾಗ ಬಾಲವೂ ಇನ್ನಷ್ಟು ಬೀಸುತ್ತದೆ. ಕಟ್ಟದೆ ಬಿಟ್ಟ ಚೀಲ ಅಪಘಾತದಲ್ಲಿ ಏನು ಮಾಡಬಲ್ಲದು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಮರಳಿಗಿಂತ ಮುಖ್ಯವಾದದ್ದು ಟೈರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ. ಬೇಸಿಗೆ ಟೈರಿನ ರಬ್ಬರು ಚಳಿಗೆ ಗಡುಸಾಗಿಬಿಡುತ್ತದೆ. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಟೈರು ಬದಲಿಸಬೇಕು ಎಂಬ ಲೆಕ್ಕ ಬಂದದ್ದು ಅದರಿಂದ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಉಳಿಯುತ್ತದೆ. ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತನ್ನು ನೋಡಿ ಕೊಳ್ಳಿ. ಸವೆದು 4 ಮಿಲಿಮೀಟರಿಗಿಂತ ಕಡಿಮೆ ಆಳ ಉಳಿದಿದ್ದರೆ ಹಿಮಕ್ಕೆ ಸಾಲದು. ದುಡ್ಡು ಉಳಿಸಲು ಹಿಂದಿನ ಎರಡಕ್ಕೆ ಮಾತ್ರ ಹಾಕಿಸುವವರಿದ್ದಾರೆ. ಅವರ ಕಾರು ಹೊರಡುತ್ತದೆ, ಆಮೇಲೆ ತಿರುವಿನಲ್ಲಿ ತಿರುಗುವುದಿಲ್ಲ. ನಾಲ್ಕಕ್ಕೂ ಬೇಕು.

ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಒಣ ರಸ್ತೆಯ ಮೇಲೆ ಬ್ರೇಕ್ ಒತ್ತಿದರೆ ಕಾರು ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ತುಳಿದು ಗಟ್ಟಿಯಾದ ಹಿಮದ ಮೇಲೆ ಸುಮಾರು 40 ಮೀಟರು. ನುಣುಪಾದ ಮಂಜುಗಡ್ಡೆಯ ಮೇಲೆ 100 ಮೀಟರಿನ ಹತ್ತಿರ. ಬಲ ಹಿಂದಿನ ಚಕ್ರಕ್ಕೆ ಹೋದರೂ ಮುಂದಿನ ಚಕ್ರಕ್ಕೆ ಹೋದರೂ ನಾಲ್ಕಕ್ಕೂ ಹೋದರೂ ಈ ಲೆಕ್ಕ ಬದಲಾಗದು. ನಿಲ್ಲಿಸುವುದು ಟೈರೇ. ಸೊನ್ನೆ ಡಿಗ್ರಿಯ ಆಸುಪಾಸಿನ ಮಂಜುಗಡ್ಡೆಯಂತೂ ಕೊರೆಯುವ ಚಳಿಯ ಮಂಜುಗಡ್ಡೆಗಿಂತಲೂ ಹೆಚ್ಚು ಜಾರು. ಬಿಸಿಲು ಬಂತೆಂದು ಕಾಲು ಸಡಿಲ ಬಿಡಬೇಡಿ.

ಇನ್ನು ಎಲ್ಲರೂ ಹೆದರುವ ವಿಷಯಕ್ಕೆ ಬರುತ್ತೇನೆ. ನನ್ನ ಎರಡನೆಯ ಚಳಿಗಾಲದ ಒಂದು ಸಂಜೆ. ಮುಂದೆ ಬಲ ತಿರುವು. ಬ್ರೇಕ್ ಮುಟ್ಟಬಾರದೆಂದು ಮಾತ್ರ ಕಲಿತಿದ್ದ ನಾನು ಗೇರ್ ಇಳಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟೆ. ಎಂಜಿನ್ನಿನ ತಡೆ ನಮ್ಮ ಕಾರಿನಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ತಾಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದಂತೆಯೇ ಆಯಿತು. ಕಣ್ಣಿಗಿಂತ ಮೊದಲು ಅದು ಬೆನ್ನಿಗೆ ತಿಳಿಯಿತು. ಆಸನ ಮೆಲ್ಲಗೆ ಎಡಕ್ಕೆ ಸರಿಯಿತು. ಚಕ್ರಗಳ ಕರಕರ ಸದ್ದು ನಿಂತುಹೋಯಿತು. ದೀಪದ ಬೆಳಕು ರಸ್ತೆ ಬಿಟ್ಟು ಬಲಗಡೆಯ ಬೇಲಿಯ ಮೇಲೆ ಹರಿಯಿತು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದೆ, ಅದು ಸರಿ. ಕಾರು ನೆಟ್ಟಗಾಗತೊಡಗಿದಾಗ ಅದನ್ನು ಹಿಂದಕ್ಕೆ ತರಲು ಮರೆತೆ, ಅದು ತಪ್ಪು. ಬಾಲ ತೊಟ್ಟಿಲಿನಂತೆ ಬಲಕ್ಕೆ ಬೀಸಿತು, ಕಾರು ಪಕ್ಕದ ಹಿಮದ ರಾಶಿಗೆ ಹೋಗಿ ಕೂತಿತು. ಯಾರಿಗೂ ಏನೂ ಆಗಲಿಲ್ಲ. ಕೈ ನಡುಗುವುದು ನಿಲ್ಲಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಹೆಚ್ಚಿನವರನ್ನು ಕೆಡವುವುದು ಮೊದಲ ಬೀಸಲ್ಲ, ಈ ಎರಡನೆಯದು. ಬಾಲ ಸರಿದ ಕೂಡಲೇ ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿ, ಕ್ಲಚ್ ಒತ್ತಿ. ಬ್ರೇಕಿನ ಗೋಜಿಗೆ ಹೋಗಬೇಡಿ. ಕಣ್ಣು ನೀವು ಹೋಗಬೇಕಾದ ರಸ್ತೆಯ ಮೇಲೆಯೇ ಇರಲಿ. ಬೇಲಿಯನ್ನು ನೋಡಿದರೆ ಕೈ ಬೇಲಿಗೇ ಕರೆದೊಯ್ಯುತ್ತದೆ. ಮೂತಿ ನೆಟ್ಟಗಾಗುವ ಮೊದಲೇ ಸ್ಟೇರಿಂಗ್ ಹಿಂದಕ್ಕೆ ಬರತೊಡಗಬೇಕು.

ಈಗಿನ ಕಾರುಗಳಲ್ಲಿ ಈ ಕೆಲಸವನ್ನು ಯಂತ್ರವೇ ನಮಗಿಂತ ಬೇಗ ಮಾಡುತ್ತದೆ. ಕಾರಿನ ಓಲಾಟ ಹಿಡಿದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವ ಆ ವ್ಯವಸ್ಥೆ ಯುರೋಪಿನ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಅದು ಎಷ್ಟೋ ಜೀವ ಉಳಿಸುವಂಥದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಇಲ್ಲದ ಹಿಡಿತವನ್ನು ಅದೂ ಹುಟ್ಟಿಸಲಾರದು. ಹಿಂಬದಿ ಚಕ್ರಗಳಿಂದ ಓಡುವ ವಿದ್ಯುತ್ ಕಾರು ಇರುವವರು ಒಂದು ವಿಷಯ ಗಮನಿಸಬೇಕು. ಕಾಲೆತ್ತಿದೊಡನೆ ಬ್ಯಾಟರಿ ತುಂಬಿಸಿಕೊಳ್ಳುತ್ತ ಕಾರನ್ನು ನಿಧಾನಿಸುವ ತಡೆ ಕೂಡ ಹಿಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. ಜಾರುವ ದಿನ ಅದನ್ನು ತಗ್ಗಿಸಿಕೊಳ್ಳುವುದು ಒಳ್ಳೆಯದು.

ನಿಂತಲ್ಲಿಂದ ಹೊರಡುವಾಗ ಎರಡನೆಯ ಗೇರ್ ಸಾಕು. ಒಂದು ಚಕ್ರ ಮಂಜುಗಡ್ಡೆಯ ಮೇಲೆ ಸುಮ್ಮನೆ ಗಿರಗಿರ ತಿರುಗಿ ಇನ್ನೊಂದು ಅಲುಗದಿದ್ದರೆ, ಆ ಚಕ್ರಗಳಿಗೇ ತಾಗುವ ಹ್ಯಾಂಡ್ ಬ್ರೇಕನ್ನು ಒಂದೆರಡು ಹಲ್ಲು ಎಳೆದು ನೋಡಿ. ತಿರುಗುವ ಚಕ್ರಕ್ಕೆ ತಡೆ ಸಿಕ್ಕೊಡನೆ ಬಲದ ಒಂದು ಪಾಲು ಇನ್ನೊಂದಕ್ಕೂ ಸಿಗುತ್ತದೆ. ಹೂತುಹೋದಾಗ ಎಂಜಿನ್ ಕೂಗಿಸಬೇಡಿ. ಟೈರಿನ ಬಿಸಿಗೆ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಗಾಜಾಗುತ್ತದೆ. ಡಿಕ್ಕಿಯ ಮರಳನ್ನು ಚಕ್ರದಡಿ ಎರಚಿ. ಸರಪಳಿ ಕಟ್ಟುವುದಾದರೆ ಹಿಂದಿನ ಚಕ್ರಗಳಿಗೆ. ಕಟ್ಟಿದ ಮೇಲೆ ಗಂಟೆಗೆ 50 ಕಿಲೋಮೀಟರ್ ದಾಟಬಾರದು. ಸಿಕ್ಕಿಕೊಂಡ ಕಾರಿನಲ್ಲಿ ಕೂತು ಬೆಚ್ಚಗಾಗಲು ಎಂಜಿನ್ ಹಾಕುವ ಮೊದಲು ದಯವಿಟ್ಟು ಇಳಿದು ಹೋಗಿ ಹೊಗೆ ಕೊಳವೆಯ ಬಾಯಿಯ ಹಿಮ ಕೆರೆಯಿರಿ. ಮುಚ್ಚಿದ ಕೊಳವೆಯಿಂದ ಒಳಗೆ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಆ ಸಂಜೆಯ ಬಳಿಕ ಪ್ರತಿ ವರ್ಷ ಮೊದಲ ಹಿಮ ಬಿದ್ದಾಗ ನಾನು ಮಾಡುವ ಕೆಲಸ ಒಂದಿದೆ. ಕಂಬ, ಗೋಡೆ, ಜನ ಯಾವುದೂ ಇಲ್ಲದ ಬಯಲೊಂದಕ್ಕೆ ಅನುಮತಿ ಕೇಳಿ ಹೋಗುತ್ತೇನೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬೇಕೆಂದೇ ಬಾಲವನ್ನು ಜಾರಿಸುತ್ತೇನೆ, ಹಿಡಿಯುತ್ತೇನೆ, ಮತ್ತೆ ಜಾರಿಸುತ್ತೇನೆ. ಮೊದಲ ಐದಾರು ಸಲ ಕೈ ತಡವಾಗುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ, ಆಸನ ಸರಿಯುವ ಮೊದಲೇ ಸ್ಟೇರಿಂಗ್ ತಿರುಗಿರುತ್ತದೆ. ಆಮೇಲೆ ರಸ್ತೆಗೆ ಇಳಿಯುತ್ತೇನೆ.

ನಮಸ್ಕಾರ.