ಬುದ್ಧಿ ಹಲ್ಲು: ಕೀಳಿಸುವ ಮುಂಚೆ, ಕೀಳಿಸಿದ ಮೇಲೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾಲೇಜು ಹುಡುಗ ಹುಡುಗಿಯರೇ ಜಾಸ್ತಿ ಇದ್ದೀರಿ. ಕೆಲವರ ಅಪ್ಪ ಅಮ್ಮಂದಿರೂ ಬಂದಿದ್ದೀರಿ, ಸಂತೋಷ. ಬುದ್ಧಿ ಹಲ್ಲಿನ ವಿಷಯದಲ್ಲಿ ನೋವು ಮಕ್ಕಳದ್ದಾದರೂ ಗಾಬರಿ ಮಾತ್ರ ಮನೆಯವರದ್ದೇ ಅಲ್ವಾ?

ನಾನು ಹಲ್ಲು ಕೀಳುವ ಕೆಲಸ ಮಾಡುವವನು. ಆದರೂ ಮೊದಲೇ ಹೇಳಿಬಿಡುತ್ತೇನೆ. ಬುದ್ಧಿ ಹಲ್ಲು ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕೀಳಿಸಬೇಕಾಗಿಲ್ಲ. ಕೀಳಿಸಬೇಕೆಂದರೆ ಅದಕ್ಕೊಂದು ಕಾರಣ ಬೇಕು. ಆ ಕಾರಣ ಬಾಯಲ್ಲೋ ಎಕ್ಸ್‌ರೇಯಲ್ಲೋ ಕಾಣಬೇಕು. ಡಾಕ್ಟರ್ ಅದನ್ನು ನಿಮಗೆ ತೋರಿಸಿ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬಾಯಿಯ ತೀರಾ ಹಿಂದೆ, ಮೇಲೆ ಎರಡು, ಕೆಳಗೆ ಎರಡು ದವಡೆ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಬರುತ್ತವೆ. ಇವೇ ಬುದ್ಧಿ ಹಲ್ಲು. ಕೆಲವರಿಗೆ ಎರಡೇ ಬರುತ್ತವೆ. ಕೆಲವರ ದವಡೆಯಲ್ಲಿ ಅವು ಮೊಳೆಯುವುದೇ ಇಲ್ಲ, ಅದರಲ್ಲಿ ತೊಂದರೆ ಏನೂ ಇಲ್ಲ. ಅಷ್ಟು ಹೊತ್ತಿಗೆ ಬಾಯಲ್ಲಿ 28 ಹಲ್ಲು ಕೂತು ಆಗಿರುತ್ತದೆ. ಜಾಗ ಉಳಿದಿದ್ದರೆ ಬುದ್ಧಿ ಹಲ್ಲು ನೆಟ್ಟಗೆ ಬರುತ್ತದೆ. ಇಲ್ಲದಿದ್ದರೆ ಮುಂದಿನ ಹಲ್ಲಿನ ಕಡೆ ವಾಲುತ್ತದೆ, ಇಲ್ಲವೇ ಮೂಳೆಯೊಳಗೇ ಅಡ್ಡ ಮಲಗುತ್ತದೆ, ಇಲ್ಲವೇ ಅರ್ಧ ಹೊರಗೆ ಬಂದು ಅಲ್ಲೇ ನಿಲ್ಲುತ್ತದೆ.

ಕಾಟ ಕೊಡುವುದು ಹೆಚ್ಚಾಗಿ ಈ ಅರ್ಧ ಬಂದ ಹಲ್ಲು, ಅದರಲ್ಲೂ ಕೆಳಗಿನದು. ಅದರ ಮೇಲೆ ಒಸಡಿನ ಒಂದು ಪದರ ಅರ್ಧ ಮುಚ್ಚಿಕೊಂಡಿರುತ್ತದೆ. ಅದರ ಕೆಳಗೆ ಅನ್ನದ ಅಗುಳು, ಕಡಲೆಬೀಜದ ಚೂರು ಹೋಗಿ ಕೂರುತ್ತದೆ. ಬ್ರಷ್ ಅಲ್ಲಿಗೆ ಎಟುಕುವುದಿಲ್ಲ. ಒಳಗೆ ಕೊಳೆತು ಒಸಡು ಊದುತ್ತದೆ. ಊದಿದ ಒಸಡನ್ನು ಮೇಲಿನ ಹಲ್ಲು ಕಚ್ಚುತ್ತದೆ, ಕಚ್ಚಿದಷ್ಟೂ ಇನ್ನೂ ಊದುತ್ತದೆ. ಆಮೇಲೆ ಕೀವು, ಬಾಯಿ ವಾಸನೆ, ಕಿವಿಗೆ ಹೊಡೆಯುವ ನೋವು. ಎಂಜಲು ನುಂಗುವುದೂ ಕಷ್ಟ.

ಹೆಚ್ಚಿನವರು ಬರುವುದು ಈ ಹಂತದಲ್ಲಿ. ಕೆನ್ನೆ ಹಿಡಿದುಕೊಂಡೇ ಒಳಗೆ ಬರುತ್ತಾರೆ. ಬಾಯಿ ತೆರೆಯಿರಿ ಎಂದರೆ ಎರಡು ಬೆರಳು ಅಗಲವೂ ತೆರೆಯುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಊದಿದ ಒಸಡಿನ ಪಕ್ಕ, ಕೆನ್ನೆಯ ಒಳಗಡೆ, ಬೆಳ್ಳಗೆ ಸುಟ್ಟ ಗಾಯ. "ಏನು ಹಾಕಿದಿರಿ?" ಎಂದರೆ, "ನೋವಿನ ಮಾತ್ರೆ ಪುಡಿ ಮಾಡಿ ಇಟ್ಟುಕೊಂಡೆ ಸಾರ್" ಎನ್ನುತ್ತಾರೆ. ಆಸ್ಪಿರಿನ್ ಒಂದು ಆಮ್ಲ. ನುಂಗಿದರೆ ಔಷಧಿ, ಒಸಡಿನ ಮೇಲೆ ಇಟ್ಟರೆ ಸುಡುತ್ತದೆ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಅದ್ದಿ ಒತ್ತಿದರೂ ಇದೇ ಕಥೆ. ಹೊಗೆಸೊಪ್ಪು ಇಟ್ಟುಕೊಂಡು ಬರುವವರೂ ಇದ್ದಾರೆ. ದಯವಿಟ್ಟು ಇದ್ಯಾವುದೂ ಬೇಡ. ಡಾಕ್ಟರ್ ಹತ್ತಿರ ಹೋಗುವವರೆಗೆ ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಸಾಕು.

ಇಂಥ ಸ್ಥಿತಿಯಲ್ಲಿ ಅವತ್ತೇ ಹಲ್ಲು ಕೀಳಲು ನಾವು ಸಾಮಾನ್ಯವಾಗಿ ಹೋಗುವುದಿಲ್ಲ. ಒಸಡಿನ ಅಡಿ ತೊಳೆಯುತ್ತೇವೆ, ಜ್ವರವೋ ಹರಡುವ ಊತವೋ ಇದ್ದರೆ ಆ್ಯಂಟಿಬಯೋಟಿಕ್ ಕೊಡುತ್ತೇವೆ, ಬಾಯಿ ತೆರೆಯುವಂತಾಗಲಿ ಎಂದು ಕಾಯುತ್ತೇವೆ. ಈ ಊತ, ನೋವು ಒಮ್ಮೆ ಬಂದು ಹೋದರೆ ನೋಡೋಣ ಎನ್ನಬಹುದು. ಮತ್ತೆ ಮತ್ತೆ ಬಂದರೆ ಆ ಹಲ್ಲನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ವಾಲಿದ ಹಲ್ಲು ತನ್ನ ಮುಂದಿನ ಒಳ್ಳೆಯ ದವಡೆ ಹಲ್ಲಿಗೆ ಒತ್ತಿಕೊಂಡು, ಆ ಸಂದಿಯಲ್ಲಿ ಹುಳುಕು ಹಿಡಿಸಿದರೆ ಅದೂ ಸರಿಯಾದ ಕಾರಣ. ಹಲ್ಲಿನ ಸುತ್ತ ನೀರುಗುಳ್ಳೆ ಬೆಳೆದು ಮೂಳೆ ತಿನ್ನುತ್ತಿದ್ದರಂತೂ ಕೀಳಿಸಲೇಬೇಕು.

"ಮುಂದಿನ ಹಲ್ಲೆಲ್ಲ ಸೊಟ್ಟ ಆಗುತ್ತವೆ, ಅದಕ್ಕೆ ತೆಗೆಸಿ" ಎಂದು ಯಾರಾದರೂ ಹೇಳಿದರೆ ಮಾತ್ರ ಸ್ವಲ್ಪ ನಿಲ್ಲಿ. ಬುದ್ಧಿ ಹಲ್ಲು ತಳ್ಳುವುದರಿಂದಲೇ ಮುಂದಿನ ಹಲ್ಲು ಸೊಟ್ಟಗಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2000ದಲ್ಲೇ ಹೇಳಿತು: ರೋಗವಿಲ್ಲದೆ ಸುಮ್ಮನೆ ಹೂತಿರುವ ಬುದ್ಧಿ ಹಲ್ಲನ್ನು ಮುನ್ನೆಚ್ಚರಿಕೆಗೆಂದು ಕೀಳಬೇಡಿ. ಅಮೆರಿಕದಲ್ಲಿ ಇದಕ್ಕೆ ಉಲ್ಟಾ, ಹದಿಹರೆಯದಲ್ಲೇ ತೆಗೆಸುವ ರೂಢಿ ಹೆಚ್ಚು. ಬ್ರಿಟನ್ನಿನಲ್ಲೂ ಆಮೇಲೆ ಕೆಲವು ಡಾಕ್ಟರುಗಳು, ಹೀಗೆ ಕಾದಿದ್ದರಿಂದ ಮುಂದಿನ ಹಲ್ಲಿಗೆ ಹುಳುಕು ಹಿಡಿಯುವುದು ಜಾಸ್ತಿಯಾಗಿದೆ ಎಂದು ತಕರಾರು ತೆಗೆದರು. ನನ್ನ ಅಭಿಪ್ರಾಯ ಕೇಳಿದರೆ, ಬ್ರಿಟನ್ನಿನವರ ಮಾತು ಸರಿ, ಆದರೆ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು. ವಯಸ್ಸಿನ ಲೆಕ್ಕವೂ ಇದೆ. ಇಪ್ಪತ್ತರ ಆಸುಪಾಸಿನಲ್ಲಿ ಬೇರು ಪೂರ್ತಿ ಬೆಳೆದಿರುವುದಿಲ್ಲ, ಮೂಳೆಯೂ ಅಷ್ಟು ಗಡುಸಾಗಿರುವುದಿಲ್ಲ. ನಲವತ್ತಾದ ಮೇಲೆ ಅದೇ ಹಲ್ಲು ಕೀಳುವುದು ಕಷ್ಟ, ಮಾಯುವುದೂ ನಿಧಾನ.

ಕೀಳಿಸುವುದೆಂದು ತೀರ್ಮಾನವಾದರೆ ಓಪಿಜಿ ಎಂಬ ದೊಡ್ಡ ಎಕ್ಸ್‌ರೇ ತೆಗೆಯುತ್ತಾರೆ. ಎರಡೂ ದವಡೆ ಒಂದೇ ಚಿತ್ರದಲ್ಲಿ ಬರುತ್ತದೆ. ಅದರಲ್ಲಿ ನಾವು ಮೊದಲು ಹುಡುಕುವುದು ನರವನ್ನು. ಕೆಳದವಡೆಯ ಮೂಳೆಯೊಳಗೆ ಒಂದು ನರ ಹೋಗುತ್ತದೆ, ಕೆಳತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವುದು ಅದೇ. ಕೆಲವರಲ್ಲಿ ಬುದ್ಧಿ ಹಲ್ಲಿನ ಬೇರು ಅದಕ್ಕೆ ತಾಗಿಕೊಂಡೇ ಇರುತ್ತದೆ. ಕೀಳುವಾಗ ನರಕ್ಕೆ ಪೆಟ್ಟಾದರೆ ಆ ಕಡೆಯ ತುಟಿ ಜೋಮು ಹಿಡಿಯುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಹಾಗೇ ಉಳಿದುಬಿಡುತ್ತದೆ. ನಾಲಿಗೆಯ ನರವೂ ಪಕ್ಕದಲ್ಲೇ ಇದೆ. ಸಹಿ ಹಾಕಿಸುವ ಕಾಗದದಲ್ಲಿ ಇದೆಲ್ಲ ಬರೆದಿರುತ್ತದೆ, ಓದದೆ ಸಹಿ ಹಾಕಬೇಡಿ. ನರ ತೀರಾ ಹತ್ತಿರ ಇದ್ದರೆ ಸ್ಕ್ಯಾನ್ ಮಾಡಿ ನೋಡಬಹುದು. ಕೆಲವು ಸಲ ಹಲ್ಲಿನ ಮೇಲ್ಭಾಗ ಮಾತ್ರ ಕತ್ತರಿಸಿ ಬೇರನ್ನು ಅಲ್ಲೇ ಬಿಡುವ ದಾರಿಯೂ ಇದೆ.

"ನರ ಹೋದರೆ ಬಾಯಿ ಸೊಟ್ಟ ಆಗುತ್ತಾ?" ಎಂದು ಕೇಳುತ್ತಾರೆ. ಇಲ್ಲ. ಮುಖ ಆಡಿಸುವ ನರ ಬೇರೆ, ಇದು ಬೇರೆ. "ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತಂತೆ?" ಅದೂ ಇಲ್ಲ. ಕಣ್ಣಿನ ನರಕ್ಕೂ ಹಲ್ಲಿಗೂ ಸಂಬಂಧವೇ ಇಲ್ಲ. ಈ ಹೆದರಿಕೆಯಿಂದ ಕೊಳೆತ ಹಲ್ಲನ್ನು ವರ್ಷಗಟ್ಟಲೆ ಇಟ್ಟುಕೊಂಡವರನ್ನು ನೋಡಿದ್ದೇನೆ.

ಡಾಕ್ಟರಿಗೆ ಏನನ್ನೂ ಮುಚ್ಚಿಡಬೇಡಿ. ಶುಗರ್, ಬಿಪಿ, ಹೃದಯದ ತೊಂದರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧಿ, ಬಸುರಿಯಾಗಿದ್ದರೆ ಅದು, ಎಲ್ಲ ಹೇಳಿ. ರಕ್ತ ತೆಳುಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅದು ನಿಜಕ್ಕೂ ಅಪಾಯ. ಅಡಿಕೆ, ಗುಟ್ಕಾ ಅಭ್ಯಾಸ ಇದ್ದರೆ ಅದನ್ನೂ ಹೇಳಿ. ಅಡಿಕೆ ಬೆಳೆಗಾರರು ಇಲ್ಲಿದ್ದರೆ ಕೋಪ ಮಾಡಿಕೊಳ್ಳಬೇಡಿ, ಆದರೆ ವರ್ಷಗಟ್ಟಲೆ ಅಡಿಕೆ ಜಗಿದವರಿಗೆ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಅಂಥ ಬಾಯಲ್ಲಿ ಹಿಂದಿನ ಹಲ್ಲಿಗೆ ಕೈ ಹಾಕುವುದು ನಮಗೂ ಕಷ್ಟ, ನಿಮಗೂ ಕಷ್ಟ.

ಇನ್ನೊಂದು, ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಪೂರ್ತಿ ಪ್ರಜ್ಞೆ ತಪ್ಪಿಸುವುದಾದರೆ ಮಾತ್ರ ಉಪವಾಸ, ಅದನ್ನು ಮೊದಲೇ ಹೇಳಿರುತ್ತಾರೆ. ಬರೀ ಜಾಗ ಮರಗಟ್ಟಿಸುವ ಇಂಜೆಕ್ಷನ್ ಆದರೆ ಹೊಟ್ಟೆ ತುಂಬ ತಿಂಡಿ ತಿಂದು ಬನ್ನಿ. ಹೆದರಿಕೆಯ ಜೊತೆ ಹಸಿವೂ ಸೇರಿ ಕುರ್ಚಿಯಲ್ಲೇ ತಲೆ ಸುತ್ತಿ ಬೀಳುವವರು ಇದ್ದಾರೆ.

ನೋವಿನ ವಿಷಯಕ್ಕೆ ಒಂದು ಹಳೆಯ ಕಥೆ. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ನಗೆ ಅನಿಲದ ಪ್ರದರ್ಶನ ನಡೆಯಿತು. ಅನಿಲ ಸೇವಿಸಿದವನೊಬ್ಬ ಕಾಲಿಗೆ ಗಾಯ ಮಾಡಿಕೊಂಡರೂ ಅವನಿಗೆ ನೋವೇ ಗೊತ್ತಾಗಲಿಲ್ಲ. ನೋಡುತ್ತಿದ್ದ ಹಲ್ಲಿನ ವೈದ್ಯ ಹೊರೇಸ್ ವೆಲ್ಸ್ ಮರುದಿನವೇ ಆ ಅನಿಲ ಎಳೆದುಕೊಂಡು, ತನ್ನದೇ ಒಂದು ದವಡೆ ಹಲ್ಲನ್ನು ಜಾನ್ ರಿಗ್ಸ್ ಎಂಬ ವೈದ್ಯನಿಂದ ಕೀಳಿಸಿಕೊಂಡ. ಈಗ ನಾವು ಹೆಚ್ಚಾಗಿ ಕೊಡುವುದು ಲಿಗ್ನೊಕೇನ್ ಇಂಜೆಕ್ಷನ್. ಚುಚ್ಚುವಾಗ ಸ್ವಲ್ಪ ನೋವು. ಆಮೇಲೆ ಒತ್ತಡ ಗೊತ್ತಾಗುತ್ತದೆ, ಮಿಷನ್ ಸದ್ದು ಕೇಳುತ್ತದೆ, ನೋವು ಇರಬಾರದು. ಚುಳ್ ಎಂದರೆ ಎಡಗೈ ಎತ್ತಿ, ಇನ್ನಷ್ಟು ಔಷಧಿ ಕೊಡುತ್ತೇವೆ. ಹೂತಿರುವ ಹಲ್ಲಾದರೆ ಒಸಡು ಬಿಡಿಸಿ, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ಮೂರು ತುಂಡು ಮಾಡಿ ತೆಗೆದು ಹೊಲಿಗೆ ಹಾಕುತ್ತೇವೆ.

ಮನೆಗೆ ಹೋದ ಮೇಲಿನದ್ದು ನಿಮ್ಮ ಕೈಯಲ್ಲಿದೆ. ಹಲ್ಲು ಹೋದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಅದು ಕೂತರೆ ಮಾತ್ರ ಅಡಿಯಲ್ಲಿ ಹೊಸ ಮಾಂಸ, ಮೂಳೆ ಬೆಳೆಯುತ್ತದೆ. ಹಾಲಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಗಳಿಗೆಗೊಮ್ಮೆ ಅಲ್ಲಾಡಿಸಿದರೆ ಮೊಸರು ಕೂರುತ್ತದೆಯೇ? ಇದೂ ಹಾಗೇ. ಕಚ್ಚಲು ಕೊಟ್ಟ ಹತ್ತಿಯನ್ನು ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಳ್ಳಿ. ಪದೇ ಪದೇ ತೆಗೆದು ಕನ್ನಡಿಯಲ್ಲಿ ನೋಡಬೇಡಿ. ಅವತ್ತು ಉಗುಳಬೇಡಿ, ಎಂಜಲು ನುಂಗಿ. ಎಂಜಲಿಗೆ ಎರಡು ಹನಿ ರಕ್ತ ಬೆರೆತರೂ ಬಾಯಿ ತುಂಬ ರಕ್ತದಂತೆ ಕಾಣುತ್ತದೆ. ಸ್ಟ್ರಾ ಹಾಕಿ ಎಳನೀರು ಹೀರಬೇಡಿ, ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಬೀಡಿ, ಸಿಗರೇಟು ಕೆಲವು ದಿನವಾದರೂ ಮುಟ್ಟಬೇಡಿ. ಮೊದಲ ದಿನ ಕೆನ್ನೆಯ ಹೊರಗಿನಿಂದ ಐಸ್ ಇಡಿ. ಉಪ್ಪುನೀರು ಮುಕ್ಕಳಿಸುವುದು 24 ಗಂಟೆ ಕಳೆದ ಮೇಲೆ, ಅದೂ ಮೆಲ್ಲಗೆ.

ಊತ ಎರಡು ಮೂರನೇ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಹೆದರಬೇಡಿ. ನೋವು ಮಾತ್ರ ದಿನ ಕಳೆದಂತೆ ಕಡಿಮೆಯಾಗಬೇಕು. ಕಡಿಮೆಯಾಗುತ್ತಿದ್ದ ನೋವು ಮೂರನೇ ನಾಲ್ಕನೇ ದಿನ ಇದ್ದಕ್ಕಿದ್ದಂತೆ ಜೋರಾಗಿ, ಕಿವಿಯವರೆಗೆ ಎಳೆದು, ಬಾಯಿ ಕೆಟ್ಟ ವಾಸನೆ ಬಂದರೆ ಹೆಪ್ಪು ಕಳಚಿ ಮೂಳೆ ಬರಿದಾಗಿದೆ ಎಂದರ್ಥ. ಡ್ರೈ ಸಾಕೆಟ್ ಎನ್ನುತ್ತೇವೆ. ಸಿಗರೇಟು ಸೇದುವವರಿಗೆ ಇದು ಜಾಸ್ತಿ. ಮಾತ್ರೆ ನುಂಗುತ್ತಾ ಮನೆಯಲ್ಲಿ ಕೂರಬೇಡಿ. ಗುಳಿ ತೊಳೆದು ಔಷಧಿ ಪಟ್ಟಿ ಇಟ್ಟರೆ ಬೇಗ ಆರಾಮಾಗುತ್ತದೆ.

ಊಟಕ್ಕೆ ಮೊಸರನ್ನ, ಗಂಜಿ, ಆರಿದ ಉಪ್ಪಿಟ್ಟು. ಮುದ್ದೆ ತಿನ್ನುವವರಿಗೆ ಚಿಂತೆಯೇ ಇಲ್ಲ, ಅದನ್ನು ಹೇಗೂ ಜಗಿಯುವುದಿಲ್ಲವಲ್ಲ. ಆರಿರಬೇಕು, ಸಾರು ಖಾರ ಇರಬಾರದು, ಅಷ್ಟೇ. ಖರ್ಚು ಊರಿಗೊಂದು ಥರ. ಹೊರಗೆ ಕಷ್ಟವಾದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಕಡೆ, ಇಲ್ಲವೇ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಕೆಲವು ಲಕ್ಷಣ ಕಂಡರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ. ಹತ್ತಿ ಕಚ್ಚಿದರೂ ರಕ್ತ ನಿಲ್ಲದಿದ್ದರೆ, ಊತ ಕುತ್ತಿಗೆಗೆ ಇಳಿದರೆ, ನಾಲಿಗೆ ಮೇಲೆದ್ದು ನುಂಗಲು ಆಗದಿದ್ದರೆ, ಉಸಿರಾಟ ಕಷ್ಟವಾದರೆ, ಕ್ಲಿನಿಕ್ ಮುಚ್ಚಿದ್ದರೂ ಸರಿ, ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ. ಹಲ್ಲು ಕೀಳಿಸದೆ ಬರೀ ಕೀವು ತುಂಬಿದವರಿಗೂ ಇದೇ ಮಾತು.

ನನ್ನ ಮಾತು ಇಷ್ಟೇ. ಈಗ ನೀವು ಕೇಳಿ. ಯಾರ ಹತ್ತಿರವಾದರೂ ಓಪಿಜಿ ಇದ್ದರೆ ಕೊಡಿ, ಈ ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ನೋಡೋಣ.