ಒಂದೇ ಮಾಡಿನ ಮೇಲೆ ಎರಡು ಹೆಸರಿನ ಹಂಚು ಯಾಕೆ?

ನಮಸ್ಕಾರ. ಕುಮಟಾದ ವೀಕ್ಷಕರೊಬ್ಬರು ಒಂದು ಫೋಟೋ ಕಳಿಸಿದ್ದಾರೆ. ಹಳೆ ಮನೆಯ ಮಾಡು ಬಿಚ್ಚುವಾಗ ತೆಗೆದದ್ದು. ಒಂದು ಹಂಚಿನ ಅಡಿಬದಿಯಲ್ಲಿ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಅಂತ ಉಬ್ಬು ಅಕ್ಷರ. ಪಕ್ಕದ ಹಂಚಿನಲ್ಲಿ ‘ಕಾಮನ್‌ವೆಲ್ತ್’. ಎರಡೂ ಒಂದಕ್ಕೊಂದು ಸರಿಯಾಗಿ ಕೂರುತ್ತವೆ. “ಕಂಪನಿ ಮಾರಿಬಿಟ್ಟರಾ?” ಅಂತ ಅವರ ಪ್ರಶ್ನೆ.

ಮಾರಲಿಲ್ಲ. ಬ್ರಿಟಿಷರು ಕಿತ್ತುಕೊಂಡರು. ಹಂಚು ಮಾಡಿಸುತ್ತಿದ್ದವರನ್ನು ದೇಶದಿಂದಲೇ ಹೊರಗೆ ಹಾಕಿದರು.

ಅಂದಹಾಗೆ, 1865 ಅನ್ನೋದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಅದನ್ನು ತೋರಿಸಿ ಯಾರಾದರೂ ಜಾಸ್ತಿ ರೇಟು ಹೇಳಿದರೆ ನಕ್ಕು ಮುಂದೆ ಹೋಗಿ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಬಾಸೆಲ್ ಸ್ವಿಟ್ಜರ್ಲೆಂಡಿನ ಊರು. ಅಲ್ಲಿನ ಕ್ರೈಸ್ತ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ. ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚು. ಬಂದವರಲ್ಲಿ ಸ್ವಿಸ್ ಜನರೂ ಇದ್ದರು, ಜರ್ಮನರೂ ಇದ್ದರು. ಎಂಬತ್ತು ವರ್ಷ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಒಂದೇ ಬಂಗಲೆ, ಒಂದೇ ಊಟದ ಮೇಜು, ಇಬ್ಬರೂ ಕನ್ನಡದಲ್ಲೇ ಧರ್ಮೋಪದೇಶ ಮಾಡುವವರು. ಆದರೆ ಒಬ್ಬರು ಸ್ವಿಸ್ ಪ್ರಜೆ, ಅಂದರೆ ತಟಸ್ಥ ದೇಶದವರು. ಇನ್ನೊಬ್ಬರು ಜರ್ಮನ್, ಅಂದರೆ ಬ್ರಿಟಿಷ್ ಸರ್ಕಾರಕ್ಕೆ ಶತ್ರು. ನಮ್ಮ ಕನ್ನಡ ನಿಘಂಟಿನ ಕಿಟೆಲ್ ಕೂಡ ಜರ್ಮನರೇ ಅಲ್ವಾ? ಅವರು 1903ರಲ್ಲಿ ತೀರಿಕೊಂಡಿದ್ದರು. ಬದುಕಿದ್ದು, 1914ರಲ್ಲಿ ಧಾರವಾಡದಲ್ಲಿ ಇದ್ದಿದ್ದರೆ, ಅವರ ಹೆಸರೂ ಶತ್ರುಗಳ ಪಟ್ಟಿಗೆ ಸೇರುತ್ತಿತ್ತು!

ಮೊದಮೊದಲು ಮಿಷನರಿಗಳ ಮೇಲೆ ಅಷ್ಟು ಬಿಗಿ ಇರಲಿಲ್ಲ. 1915ರ ಹೊತ್ತಿಗೆ ಜರ್ಮನ್ ಗಂಡಸರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಆಗ ನಮ್ಮ ಕಾರವಾರವೂ ಅಹ್ಮದ್‌ನಗರವೂ ಒಂದೇ ಮುಂಬಯಿ ಪ್ರಾಂತ್ಯ. ಆಮೇಲೆ ‘ಗೋಲ್ಕೊಂಡ’ ಎಂಬ ಹಡಗು. ಆ ವರ್ಷದ ಕೊನೆಗೆ ಒಂದು ಸಲ, 1916ರಲ್ಲಿ ಇನ್ನೊಂದು ಸಲ, ಹೆಂಗಸರು ಮಕ್ಕಳನ್ನೂ ಹತ್ತಿಸಿ ಯುರೋಪಿಗೆ ಕಳಿಸಿದರು. ಅವರಲ್ಲಿ ಇಲ್ಲೇ ಹುಟ್ಟಿದ ಮಕ್ಕಳೂ ಇದ್ದರು. ಆ ಮಕ್ಕಳಿಗೆ ‘ನಿಮ್ಮೂರಿಗೆ ಹೋಗಿ’ ಅಂದರೆ ಯಾವ ಊರು?

ಈಗ ನನಗೆ ತುಂಬಾ ಇಷ್ಟವಾದ ಭಾಗ. ಯುದ್ಧ ಮುಗಿದ ಮೇಲೆ ಜರ್ಮನಿ ಜೊತೆ ಆದ 1919ರ ವರ್ಸೈ ಒಪ್ಪಂದದಲ್ಲಿ 438ನೇ ಕಲಮು ಅಂತ ಒಂದಿದೆ. ಜರ್ಮನ್ ಮಿಷನ್‌ಗಳ ಆಸ್ತಿಯನ್ನು ಟ್ರಸ್ಟಿಗಳಿಗೆ ಒಪ್ಪಿಸಬೇಕು. ಟ್ರಸ್ಟಿಗಳು ಕ್ರೈಸ್ತರೇ ಆಗಿರಬೇಕು. ಆಸ್ತಿ ಮಿಷನ್ ಕೆಲಸಕ್ಕೇ ಬಳಕೆಯಾಗಬೇಕು. ಓದಲಿಕ್ಕೆ ಎಷ್ಟು ಚೆನ್ನಾಗಿದೆ ನೋಡಿ! ಶಿರಸಿಯ ತೋಟದವರೊಬ್ಬರನ್ನು ಊರು ಬಿಡಿಸಿ, ಅವರ ಅಡಿಕೆ ಕೊಯ್ಲನ್ನು ಬೇರೆಯವರ ಕೈಗೆ ಕೊಟ್ಟು, “ಚಿಂತೆ ಬೇಡ ಮಾರಾಯ್ರೆ, ದುಡ್ಡು ನಿಮ್ಮ ಮನೆದೇವರಿಗೇ ಹೋಗುತ್ತದೆ” ಅಂದ ಹಾಗೆ. ದೇವರಿಗೇನೋ ನಷ್ಟ ಇಲ್ಲ. ತೋಟ ಮಾಡಿದವನಿಗೆ?

ಬಾಸೆಲ್‌ನವರು ‘ನಮ್ಮದು ಸ್ವಿಸ್ ಸಂಸ್ಥೆ’ ಅಂತ ವಾದಿಸಿದರು. ಬ್ರಿಟಿಷರು ಕೇಳಲಿಲ್ಲ. ಹಂಚಿನ ಕಾರ್ಖಾನೆಗಳು ‘ಕಾಮನ್‌ವೆಲ್ತ್ ಟ್ರಸ್ಟ್’ ಎಂಬ ಬ್ರಿಟಿಷ್ ಕಂಪನಿಗೆ ಹೋದವು. ನೇತ್ರಾವತಿ ದಂಡೆಯ ಅದೇ ಜೇಡಿಮಣ್ಣು, ಅಚ್ಚಿನಲ್ಲಿ ಹೆಸರು ಮಾತ್ರ ಬೇರೆ. ಕುಮಟಾದ ಆ ಮಾಡಿನಲ್ಲಿ ಒಡೆದ ಹಂಚಿನ ಜಾಗಕ್ಕೆ ಯಾವಾಗಲೋ ಹೊಸದು ತಂದು ಹಾಕಿರಬೇಕು, ಅಷ್ಟೇ.

ಟೈಮ್ ಆಗ್ತಾ ಬಂತು, ಉಳಿದದ್ದು ಫಟಾಫಟ್. ಹೋದವರು ವಾಪಸ್ ಬಂದರಾ? ಯುದ್ಧ ಮುಗಿದರೂ ಜರ್ಮನರಿಗೆ ಬಾಗಿಲು ತೆರೆಯಲಿಲ್ಲ. ಕಾದವರಲ್ಲಿ ಕೆಲವರಿಗೆ 1920ರ ದಶಕದ ನಡುವಿನ ನಂತರ ಬರಲು ಬಿಟ್ಟರು. 1939ರಲ್ಲಿ ಮತ್ತೆ ಯುದ್ಧ, ಮತ್ತೆ ಬಂಧನ. ಈ ಸಲ ಡೆಹ್ರಾಡೂನ್ ಶಿಬಿರ.

ನನ್ನ ಪ್ರಕಾರ ಇಡೀ ಕತೆಯಲ್ಲಿ ಜಾಸ್ತಿ ಬದಲಾದವರು ಹೋದವರಲ್ಲ, ಇಲ್ಲೇ ಉಳಿದವರು. ಸಾಹೇಬರು ಇಲ್ಲದ ವರ್ಷಗಳಲ್ಲಿ ಸಭೆ, ಅಂದರೆ ಚರ್ಚು, ನಡೆಸುವುದು, ಶಾಲೆ ನೋಡಿಕೊಳ್ಳುವುದು ಊರಿನ ಪಾದ್ರಿಗಳ, ಮೇಷ್ಟ್ರುಗಳ ತಲೆಗೆ ಬಂತು. 1947ರಲ್ಲಿ ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಸೇರಿದವು. ಅಲ್ಲಿಂದ ಮುಂದೆ ಯುರೋಪಿನಿಂದ ಯಾರೇ ಬಂದರೂ, ಇಲ್ಲಿನವರ ಸಭೆ ಹೇಳಿದ ಕಡೆ ಕೆಲಸ ಮಾಡಬೇಕಿತ್ತು.