ಹೆಸರು ಮನೆತನದ್ದು, ಊರು ಯಾರದ್ದು?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಬೇಸ್‌ಬಾಲ್ ಪಂದ್ಯಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು ರಾಷ್ಟ್ರಗೀತೆ ಹಾಡುತ್ತಾರೆ. ಹಾಡು ಮುಗಿಯುತ್ತಾ ಬಂದಾಗ ‘ಓ’ ಅಂತ ಒಂದು ಅಕ್ಷರ ಬರುತ್ತದೆ. ಅದಕ್ಕೇ ಕಾಯುತ್ತಿದ್ದವರಂತೆ ಇಡೀ ಮೈದಾನ ಗಂಟಲು ಹರಿಯುವ ಹಾಗೆ ‘ಓ!’ ಎಂದು ಕೂಗುತ್ತದೆ. ಅವರ ತಂಡದ ಹೆಸರು ಓರಿಯೋಲ್ಸ್. ಆ ಕೂಗು ತಂಡಕ್ಕೆ.

ಈ ಓರಿಯೋಲ್ ಕಿತ್ತಳೆ, ಕಪ್ಪು ಬಣ್ಣದ ಒಂದು ಪುಟ್ಟ ಹಕ್ಕಿ. ಅದಕ್ಕೆ ಬಾಲ್ಟಿಮೋರ್ ಓರಿಯೋಲ್ ಅಂತ ಹೆಸರು ಬಂದದ್ದು ಲಾರ್ಡ್ ಬಾಲ್ಟಿಮೋರ್ ಎಂಬ ಬಿರುದು ಹೊತ್ತ ಕ್ಯಾಲ್ವರ್ಟ್ ಮನೆತನದಿಂದ. ಅವರ ಲಾಂಛನದ ಹೊನ್ನು, ಕಪ್ಪು ಬಣ್ಣ ಈ ಹಕ್ಕಿಯ ಮೈಮೇಲೆ ಕಂಡಿತಂತೆ. ಮನೆತನದಿಂದ ಹಕ್ಕಿಗೆ, ಹಕ್ಕಿಯಿಂದ ತಂಡಕ್ಕೆ, ತಂಡದಿಂದ ಗಂಟಲಿಗೆ. ಕೂಗುವವರಲ್ಲಿ ಎಷ್ಟು ಜನಕ್ಕೆ ಕ್ಯಾಲ್ವರ್ಟ್‌ಗಳ ನೆನಪು ಬರುತ್ತದೆ? ತೀರಾ ಕಮ್ಮಿ ಅಂತ ನನ್ನ ಅನಿಸಿಕೆ.

ಹಾಗಾದರೆ ಊರಿಗೆ ಹೆಸರು ಕೊಟ್ಟ ಮನೆತನದ ಕಥೆ ಇವತ್ತಿನ ಊರಿನವರ ಹೆಮ್ಮೆಗೆ ಬೇಕಾ, ಬೇಡವಾ?

ನದಿಮೂಲ, ಋಷಿಮೂಲ ಕೆದಕಬಾರದು ಅಂತಾರೆ. ನಾನು ಸ್ವಲ್ಪ ಕೆದಕುತ್ತೇನೆ. 1632ರಲ್ಲಿ ಇಂಗ್ಲೆಂಡಿನ ರಾಜ, ಬಾಲ್ಟಿಮೋರ್ ಈಗ ಇರುವ ಮೇರಿಲ್ಯಾಂಡ್ ಪ್ರದೇಶವನ್ನು ಸೆಸಿಲ್ ಕ್ಯಾಲ್ವರ್ಟ್‌ಗೆ ಬರೆದುಕೊಟ್ಟ. ಈ ಮಹಾಶಯ ಒಂದು ಸಲವೂ ಅಲ್ಲಿಗೆ ಹೋಗಲಿಲ್ಲ. ತಮ್ಮನನ್ನು ಹಡಗು ಹತ್ತಿಸಿ ಕಳಿಸಿದ, ಅಷ್ಟೇ. ಈ ಮನೆತನದ ಆಳ್ವಿಕೆಯಲ್ಲೇ 1649ರಲ್ಲಿ ಒಂದು ಕಾನೂನು ಬಂತು. ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರು ಅಂತ ನಂಬುವ ಕ್ರೈಸ್ತರಲ್ಲಿ ಯಾವ ಪಂಗಡದವರಾದರೂ ಸರಿ, ನಂಬಿಕೆಯ ಕಾರಣಕ್ಕೆ ಅವರನ್ನು ಕಾಡಬಾರದು ಅಂತ. ಆ ಕಾಲಕ್ಕೆ ಅದು ದೊಡ್ಡ ಮಾತೇ. ಹದಿನೈದು ವರ್ಷ ಕಳೆದು 1664ರಲ್ಲಿ, ಅದೇ ಮನೆತನದ ಕೈಕೆಳಗೆ, ಇನ್ನೊಂದು ಕಾನೂನು. ಕಪ್ಪು ಗುಲಾಮರು ಸಾಯುವ ತನಕ ಗುಲಾಮರು, ಅವರ ಮಕ್ಕಳೂ ಗುಲಾಮರೇ.

ಕೊನೆಯ ಲಾರ್ಡ್ ಬಾಲ್ಟಿಮೋರ್ ಫ್ರೆಡರಿಕ್. ಒಬ್ಬ ಹೆಣ್ಣುಮಗಳನ್ನು ಹೊತ್ತೊಯ್ದು ಅತ್ಯಾಚಾರ ಮಾಡಿದ ಆರೋಪದ ಮೇಲೆ 1768ರಲ್ಲಿ ಕಟಕಟೆ ಹತ್ತಿ, ಖುಲಾಸೆಯಾಗಿ ಇಳಿದ. ಅವನೂ ಮೇರಿಲ್ಯಾಂಡ್ ಕಂಡವನಲ್ಲ. 1771ರಲ್ಲಿ ಅವನು ಸತ್ತಾಗ ಆ ಬಿರುದು ಅವನ ಜೊತೆಗೇ ಹೋಯಿತು.

ಇಂಥ ಕಥೆ ಇಟ್ಟುಕೊಂಡು ಎದೆಯುಬ್ಬಿಸಿ ನಡೆಯೋದು ಹೇಗೆ, ಅಲ್ವಾ? ಆದರೆ ಮೇರಿಲ್ಯಾಂಡಿನ ಬಾವುಟ ನೋಡಿ. ನಾಲ್ಕು ಚೌಕ. ಎರಡರಲ್ಲಿ ಕ್ಯಾಲ್ವರ್ಟ್‌ಗಳ ಹೊನ್ನು, ಕಪ್ಪು ಪಟ್ಟೆ. ಇನ್ನೆರಡರಲ್ಲಿ ಅವರ ತಾಯಿಯ ಕಡೆಯ ಮನೆತನದ ಕೆಂಪು, ಬಿಳಿ ಶಿಲುಬೆ. ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿ ಬಿಡಲೊಪ್ಪದ ದಕ್ಷಿಣದ ಕಡೆ ವಾಲಿದ್ದವರು ಕೆಂಪು, ಬಿಳಿಯನ್ನು ಗುರುತಾಗಿ ಎತ್ತಿಕೊಂಡರು. ಹೊನ್ನು, ಕಪ್ಪು ಎದುರಿನವರಿಗೆ. ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ, 1904ರಲ್ಲಿ, ಎರಡನ್ನೂ ಒಂದೇ ಬಟ್ಟೆಯಲ್ಲಿ ಹೊಲಿದ ಬಾವುಟ ಅಧಿಕೃತವಾಯಿತು. ಈಗ ಅದು ಟೀ ಶರ್ಟ್, ಟೋಪಿ, ಕಾರಿನ ಹಿಂಭಾಗ, ಕೊನೆಗೆ ಕಾಲುಚೀಲದ ಮೇಲೂ ಇದೆ. ಅದು ಈಗ ಕ್ಯಾಲ್ವರ್ಟ್‌ಗಳ ಬಾವುಟ ಅಲ್ಲ. ಜಗಳ ಆಡಿ ಒಂದಾದವರ ಬಾವುಟ.

ಅಮೆರಿಕದ್ದೇ ಇನ್ನೊಂದು ಊರು ಕ್ಲೀವ್‌ಲ್ಯಾಂಡ್, ಅದರ ಕಥೆ ಇನ್ನೂ ಮಜಾ. ಮೋಸೆಸ್ ಕ್ಲೀವ್‌ಲ್ಯಾಂಡ್ ಎಂಬಾತ 1796ರಲ್ಲಿ ಬಂದು, ಜಾಗ ಅಳೆದು, ಅದೇ ವರ್ಷ ಮನೆಗೆ ಹೋದವನು ಮತ್ತೆ ತಿರುಗಿ ನೋಡಲಿಲ್ಲ. ಊರಿನವರೂ ಸುಮ್ನೆ ಬಿಡಲಿಲ್ಲ, ಅವನ ಹೆಸರಿನ ಇಂಗ್ಲಿಷ್ ಕಾಗುಣಿತದಿಂದ ಒಂದು ಅಕ್ಷರ ಹಾರಿಸಿಬಿಟ್ಟರು!

ಎಲ್ಲ ಕಡೆ ಹೀಗೆ ನಗುತ್ತಾ ಮುಗಿಸೋಕೆ ಆಗಲ್ಲ. ಜಮ್ಶೆಡ್‌ಪುರದಲ್ಲಿ ಮನೆತನ ಬರೀ ಹೆಸರಲ್ಲ. ಅಲ್ಲಿ ಎಷ್ಟೋ ಮನೆಗಳ ನಲ್ಲಿ ನೀರು, ಬೀದಿ ದೀಪ ಎಲ್ಲ ಟಾಟಾ ಕಂಪನಿಯ ಕಡೆಯಿಂದಲೇ. ಜಮ್‌ಷೆಡ್‌ಜಿ ಟಾಟಾ 1902ರಲ್ಲೇ ಮಗನಿಗೆ ಕಾಗದ ಬರೆದಿದ್ದರು. ರಸ್ತೆ ಅಗಲ ಇರಲಿ, ಬೇಗ ಬೆಳೆಯುವ ನೆರಳಿನ ಮರ ಹಾಕಿಸು, ಫುಟ್‌ಬಾಲ್, ಹಾಕಿ ಆಡಲು ಜಾಗ ಬಿಡು ಅಂತ. 1904ರಲ್ಲಿ ಅವರು ತೀರಿಕೊಂಡಾಗ ಊರು ಎಲ್ಲಿ ಕಟ್ಟುವುದು ಅಂತಲೇ ತೀರ್ಮಾನ ಆಗಿರಲಿಲ್ಲ. ಅಂಥ ಕಾಗದ ಇರುವ ಊರಿನವರು ಅದನ್ನು ನೆನೆದು ಹೆಮ್ಮೆಪಟ್ಟರೆ ನನಗೆ ಸರಿಯಾಗಿಯೇ ಕಾಣುತ್ತದೆ. ಮರದ ಕೆಳಗೆ ದಿನಾ ನಡೆಯುವವರು ಮರ ಹಾಕಿಸಿದವರನ್ನು ನೆನೆಯುವುದರಲ್ಲಿ ಏನೂ ಅತಿ ಇಲ್ಲ.

ಆದರೆ ಆ ಊರಿಗೆ ಜಮ್ಶೆಡ್‌ಪುರ ಎಂಬ ಹೆಸರಿಟ್ಟದ್ದು 1919ರಲ್ಲಿ, ವೈಸ್‌ರಾಯ್ ಚೆಮ್ಸ್‌ಫರ್ಡ್. ಅಲ್ಲಿವರೆಗೆ ಅದು ಸಾಕ್ಚಿ, ಕಾರ್ಖಾನೆ ಬರುವ ಮುಂಚೆ ಒಂದು ಹಳ್ಳಿ. ಆ ಹಳ್ಳಿಯ ಜನರಿಗೂ ಮನೆತನ ಇತ್ತು, ವಂಶ ಇತ್ತು. ಅವರ ಕಥೆ ಯಾವ ಕಂಬದ ಮೇಲೂ ಕೆತ್ತಿದ್ದು ನಾನಂತೂ ಓದಿಲ್ಲ. ಮನೆತನದ ಕಥೆ ಹೇಳೋದಾದರೆ ಇದನ್ನೂ ಸೇರಿಸಿ ಹೇಳಬೇಕು. ಕ್ಯಾಲ್ವರ್ಟ್‌ಗಳ ಎರಡು ಕಾನೂನನ್ನೂ ಒಟ್ಟಿಗೆ ಹೇಳಬೇಕಲ್ವಾ, ಹಾಗೆ.

ರೈಲಿನಲ್ಲಿ ಹೋದರೆ ನೀವು ಇಳಿಯುವ ನಿಲ್ದಾಣ ಟಾಟಾನಗರ. ಹಿಂದೆ ಅದು ಕಾಲಿಮಾಟಿ. ಊರಿನವರ ಬಾಯಲ್ಲಿ ಊರಿನ ಹೆಸರೇ ‘ಟಾಟಾ’. ಹೊರಗೆ ಬಂದು ಪೇಟೆಗೆ ಹೋಗಬೇಕು ಅಂದರೆ ಮಾತ್ರ ಇವತ್ತಿಗೂ ಕೇಳಬೇಕಾದದ್ದು ಸಾಕ್ಚಿ.

ನಮಸ್ಕಾರ.